ತೊಗಟೆಯ ಕೆಳಗಿನ ಕೆಂಪು

ಜೂನ್ ೧೨
ಪ್ಯಾಕಿಂಗ್ ಶೆಡ್ಡಿನಿಂದ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಭಾವನಿಗೆ ನಮಸ್ಕಾರ, ಮಗುವಿಗೆ ಮುತ್ತು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ತೋಟದಲ್ಲಿ ಈಗ ಸೇಬಿನ ಮರಗಳಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ರಸ್ತೆ ಕಾಣುತ್ತದೆ, ರಸ್ತೆಯಾಚೆಯ ಪೆಟ್ರೋಲ್ ಬಂಕು ಕಾಣುತ್ತದೆ. ಆ ಕಿಟಕಿಯಲ್ಲಿ ಎಲೆ ಬಿಟ್ಟು ಬೇರೇನನ್ನೂ ನೋಡದೆ ಬೆಳೆದ ನನಗೆ, ಬೆಳಿಗ್ಗೆ ಎದ್ದು ನೀರು ಕುಡಿಯಲು ಹೋದರೆ ಯಾರದೋ ಮನೆಗೆ ನುಗ್ಗಿದ ಹಾಗಾಗುತ್ತದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಾನು ಮೊದಲು ಅಳುತ್ತೇನೆ, ಆಮೇಲೆ ಅರ್ಧ ಹೇಳುತ್ತೇನೆ, ಉಳಿದರ್ಧವನ್ನು ನೀನು ಊಹಿಸಿಕೊಳ್ಳುತ್ತೀಯ. ಈ ಸಂಗತಿಯಲ್ಲಿ ಯಾರೂ ಏನನ್ನೂ ಊಹಿಸಿಕೊಳ್ಳಬಾರದು. ಅದಕ್ಕೇ ಹಣ್ಣು ವಿಂಗಡಿಸುವ ಬೆಲ್ಟಿನ ಪಕ್ಕ ಒಂದು ಪೆಟ್ಟಿಗೆ ಬೋರಲು ಹಾಕಿಕೊಂಡು ಕೂತು, ಮೊದಲಿನಿಂದ ಬರೆಯುತ್ತಿದ್ದೇನೆ. ಗೊತ್ತಿದ್ದದ್ದನ್ನೂ ಬರೆದರೆ ಬೇಸರಪಟ್ಟುಕೊಳ್ಳಬೇಡ. ನನಗೇ ಒಂದು ಸಲ ಅದನ್ನೆಲ್ಲ ಸಾಲಾಗಿ ಇಟ್ಟು ನೋಡಬೇಕಾಗಿದೆ.

ನೀನು ಮದುವೆಯಾಗಿ ಹೋದ ಮೇಲೆ ಅಪ್ಪನ ಡಾಕ್ಟರಿಕೆ ಮೊದಲಿಗಿಂತ ಹೆಚ್ಚಾಗಿತ್ತು. ಯಾರ ತೋಟದಲ್ಲಿ ಎಲೆ ಮುದುರಿದರೂ ಮರದ ಡಾಕ್ಟರನ್ನು ಕರೆಯಿರಿ ಅನ್ನುತ್ತಿದ್ದರು. ಎಲೆಯ ಮೇಲೆ ಮಖಮಲ್ಲಿನಂಥ ಕಪ್ಪು ಹಸಿರು ಚುಕ್ಕೆ ಕಂಡರೆ ಅದು ಕಜ್ಜಿ, ಉದುರಿದ ಎಲೆಯನ್ನೆಲ್ಲ ಗುಡಿಸಿ ಸುಡಿ. ರೆಂಬೆಗೆ ಹತ್ತಿ ಮೆತ್ತಿದ ಹಾಗಿದ್ದರೆ ಹೇನು, ಸೋಪಿನ ನೀರು ಹಾಕಿ ಬ್ರಷ್ಷಿನಲ್ಲಿ ಉಜ್ಜಿ. ಬುಡದಲ್ಲಿ ಹೊಟ್ಟು ಬಿದ್ದಿದ್ದರೆ ಕೊರೆಯುವ ಹುಳ ಒಳಗಿದೆ, ತೂತಿಗೆ ತಂತಿ ತೂರಿಸಿ. ಹೀಗೆ ಹೇಳುತ್ತ ಹೋಗುವಾಗ ಅಪ್ಪನ ದನಿ, ಮೊಂಡು ಮಗುವಿಗೆ ಔಷಧಿ ಕುಡಿಸುವವರ ದನಿಯಂತೆ ಮೆತ್ತಗಾಗುತ್ತಿತ್ತು. ಶೆಡ್ಡಿನ ವ್ಯಾನು ಓಡಿಸುವವಳು ನಾನಾದ್ದರಿಂದ ಅವರನ್ನು ತೋಟದಿಂದ ತೋಟಕ್ಕೆ ಕರೆದೊಯ್ಯುವ ಕಾಂಪೌಂಡರೂ ನಾನೇ.

ಕತ್ತರಿಯ ವಿಷಯದಲ್ಲಿ ಅಪ್ಪ ಎಂಥ ಕಟ್ಟುನಿಟ್ಟು ಅನ್ನುವುದು ನಿನಗೆ ಗೊತ್ತು. ಒಂದು ರೆಂಬೆ ಕತ್ತರಿಸಿದರೆ ಸೊಂಟದ ಬಾಟಲಿಯಿಂದ ಬಟ್ಟೆಗೆ ಸ್ಪಿರಿಟ್ಟು ಸುರಿದು ಅಲಗು ಒರೆಸಬೇಕು, ಆಮೇಲೇ ಇನ್ನೊಂದು. ಒಂದು ಮರದ ಕಾಯಿಲೆ ನಮ್ಮ ಕೈಯಿಂದ ಇನ್ನೊಂದಕ್ಕೆ ಹೋಗಬಾರದು. ನಮಗಿಬ್ಬರಿಗೂ ಅವರು ಕಲಿಸಿದ ಮೊದಲ ಪಾಠ ಅದು, ಅಕ್ಷರಕ್ಕಿಂತ ಮೊದಲು. ವರ್ಷಗಟ್ಟಲೆ ಸ್ಪಿರಿಟ್ಟಿನಲ್ಲಿ ನೆಂದು ಅವರ ಅಂಗೈ ಬಿರಿದುಹೋಗಿತ್ತು. ಹೋದ ಚಳಿಗಾಲದಲ್ಲಿ ಅದು ಮಿತಿ ಮೀರಿತು. ಬೆರಳ ಸಂದಿಯಲ್ಲೆಲ್ಲ ರಕ್ತ. ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಅಮ್ಮನ ಎದುರು ಕತ್ತೆತ್ತಿ ನಿಲ್ಲುತ್ತಿದ್ದರು. ಚರ್ಮದ ಡಾಕ್ಟರು ಸ್ಪಿರಿಟ್ಟು ಮುಟ್ಟಬೇಡಿ, ಮುಟ್ಟಲೇಬೇಕಾದರೆ ಕೈಗವಸು ಹಾಕಿಕೊಳ್ಳಿ ಎಂದರು. ಅಪ್ಪ ಅಲ್ಲಿ ಹೂಂ ಅಂದರು. ಮನೆಗೆ ಬಂದು, ಕೈಗವಸು ಹಾಕಿಕೊಂಡರೆ ತೊಗಟೆಯ ಗುಟ್ಟು ಬೆರಳಿಗೆ ಸಿಗುವುದಿಲ್ಲ ಎಂದು ಅದನ್ನು ಮೊಳೆಗೆ ನೇತುಹಾಕಿದರು. ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವಳು ಒಂದು ಮುಲಾಮು ತಂದು ದಿನವೂ ಹಚ್ಚತೊಡಗಿದಳು.

ಮುಲಾಮು ಕೆಲಸ ಮಾಡಿತು. ಚಳಿಗಾಲ ಮುಗಿಯುವಷ್ಟರಲ್ಲಿ ಬಿರುಕೆಲ್ಲ ಕೂಡಿ ಹೊಸ ಚರ್ಮ ಬಂದಿತ್ತು. ಅಪ್ಪ ಹೋದಲ್ಲೆಲ್ಲ ಅಂಗೈ ಚಾಚಿ ತೋರಿಸಿ, ಇದು ನಮ್ಮನೆಯವಳ ಮುಲಾಮಿನ ಮಹಿಮೆ ಎಂದು ಹೊಗಳುತ್ತಿದ್ದರು. ಟೀಚರಮ್ಮನಿಗೆ ಹಿಮ್ಮಡಿ ಒಡೆದಿದೆ ಎಂದು ಒಂದು ಡಬ್ಬಿ ಕೊಡಿಸಿಯೂ ಆಯಿತು.

ಅದೇ ಚಳಿಗಾಲದಲ್ಲಿ ಬಂದ ಜ್ವರದಿಂದ ಅಪ್ಪನಿಗೆ ವಾಸನೆ ತಿಳಿಯುವುದು ನಿಂತುಹೋಗಿತ್ತು. ಇದು ನನಗೆ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಾರದು. ಅಮ್ಮನಿಗೆ ಮಾತ್ರ ಗೊತ್ತಿತ್ತು. ತೊಗಟೆಯನ್ನು ಮೂಸಿ ನೋಡುವ ಅಭ್ಯಾಸವನ್ನು ಅಪ್ಪ ಬಿಟ್ಟಿರಲಿಲ್ಲ. ಮೂಗು ಒಡ್ಡಿದ್ದನ್ನು ನೋಡಿ ನಾವೆಲ್ಲ ವಾಸನೆ ಬರುತ್ತಿದೆ ಅಂದುಕೊಂಡೆವು.

ಈ ಸಲ ಹೂವು ರೆಂಬೆ ಕಾಣದಷ್ಟು ಬಂತು. ಜೇನಿನವನು ತನ್ನ ಪೆಟ್ಟಿಗೆಗಳನ್ನು ತಂದು ಎಲ್ಲರ ಬೇಲಿಯ ಪಕ್ಕ ಇಟ್ಟ. ನೀನು ಅವನನ್ನು ನೋಡಿಲ್ಲ. ಹೋದ ವರ್ಷ ಬಂದು ಹಳೆಯ ಗಿರಣಿಯ ಹಿಂದೆ ಬಾಡಿಗೆಗಿದ್ದಾನೆ. ಹೆಂಡತಿ, ಎರಡು ಸಣ್ಣ ಮಕ್ಕಳು. ಮಾತು ಕಡಿಮೆ. ಹೂವು ಅರಳಿದ ವಾರದಲ್ಲಿ ಸೆಕೆಯೂ ಮಳೆಯೂ ಒಟ್ಟಿಗೆ ಬಂದವು. ಅಪ್ಪ ಆಕಾಶ ನೋಡಿ ಇದು ಒಳ್ಳೆಯ ಹವೆಯಲ್ಲ ಅಂದಿದ್ದರು.

ಮೊದಲು ಕರೆ ಬಂದದ್ದು ಟೀಚರಮ್ಮನಿಂದ. ನಮಗೆ ಗಣಿತ ಕಲಿಸಿ, ನಿನ್ನ ಕಿವಿ ಹಿಂಡುತ್ತಿದ್ದ ಅವರೇ. ಗಂಡ ತೀರಿಕೊಂಡ ಮೇಲೆ ಅವರು ನೆಟ್ಟುಹೋದ ಮರಗಳ ಜೊತೆಗೇ ಇದ್ದಾರೆ. ಹೋಗಿ ನೋಡಿದರೆ ಹೂಗೊಂಚಲುಗಳು ಉರಿಯ ಹತ್ತಿರ ಹಿಡಿದ ಕಾಗದದಂತೆ ಕಂದಿದ್ದವು. ಚಿಗುರಿನ ತುದಿ ಊರುಗೋಲಿನ ಹಿಡಿಯ ಹಾಗೆ ಬಾಗಿ ಕಪ್ಪಾಗಿತ್ತು. ಸುಟ್ಟ ಎಲೆ ಉದುರಿರಲಿಲ್ಲ, ರೆಂಬೆಗೇ ಅಂಟಿಕೊಂಡಿತ್ತು. ಅಲ್ಲಲ್ಲಿ ಜೇನಿನ ಬಣ್ಣದ ಅಂಟು ಹನಿ. ಅಪ್ಪ ಚೂರಿಯ ತುದಿಯಿಂದ ತೊಗಟೆಯನ್ನು ಸ್ವಲ್ಪ ಎಬ್ಬಿಸಿದರು. ಬೆಳ್ಳಗೆ, ಹಸಿಯಾಗಿ ಇರಬೇಕಾದ ಒಳಗು ಕೆಂಪಾಗಿತ್ತು. ಅವರ ಮುಖ ಆಗ ಹೇಗಾಯಿತೆಂದರೆ, ನಾನು ಪಕ್ಕದಲ್ಲಿದ್ದ ಏಣಿಯನ್ನು ಹಿಡಿದುಕೊಂಡೆ.

ಬೆಂಕಿ ರೋಗ, ಎಂದರು. ಅವರ ಆಯುಷ್ಯದಲ್ಲಿ ಒಂದೇ ಸಲ ನೋಡಿದ್ದರಂತೆ, ಚಿಕ್ಕವರಿದ್ದಾಗ. ಹೂವಿನಿಂದ ಒಳಗೆ ಇಳಿದು, ರೆಂಬೆಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ ಹೋಗುತ್ತದೆ. ಕಾಂಡ ಮುಟ್ಟಿದರೆ ಮರ ಉಳಿಯುವುದಿಲ್ಲ. ಅದಕ್ಕೆ ಮುಂಚೆ, ಒಣ ಹವೆಯ ದಿನ ನೋಡಿ, ಕೆಂಪು ಮುಗಿದ ಜಾಗದಿಂದ ಒಂದು ಮೊಳ ಕೆಳಗೆ ಕತ್ತರಿಸಿ ಸುಡಬೇಕು. ಪ್ರತಿ ಸಲ ಅಲಗು ಒರೆಸಬೇಕು. ಅಪ್ಪ ಹಾಗೇ ಮಾಡಿದರು. ಬಾಟಲಿ, ಬಟ್ಟೆ, ಕತ್ತರಿ. ಬಾಟಲಿ, ಬಟ್ಟೆ, ಕತ್ತರಿ. ನಾನು ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ್ದೇನೆ ಅಕ್ಕ, ಒಂದು ಸಲವೂ ತಪ್ಪಿಸಲಿಲ್ಲ.

ಆಮೇಲೆ ದಿನವೂ ಕರೆ. ಎಲ್ಲರ ತೋಟದಲ್ಲೂ ಅಲ್ಲೊಂದು ಇಲ್ಲೊಂದು ಕಪ್ಪು ಚಿಗುರು. ಊಟಕ್ಕೂ ನಿಲ್ಲದೆ ಅಪ್ಪ ತೋಟದಿಂದ ತೋಟಕ್ಕೆ ಓಡಿದರು, ನಾನು ಓಡಿಸಿದೆ. ನಮ್ಮ ತೋಟದಲ್ಲೂ ಕಾಣಿಸಿತು, ಕತ್ತರಿಸಿದರು. ಜನ ವ್ಯಾನಿನ ಕಿಟಕಿಯೊಳಗೆ ಕೈ ಹಾಕಿ ಅಪ್ಪನ ಕೈ ಮುಟ್ಟಿ ಕಳಿಸುತ್ತಿದ್ದರು.

ಸ್ವಲ್ಪ ದಿನ ಎಲ್ಲ ತಣ್ಣಗಿತ್ತು. ಆಮೇಲೆ ಶುರುವಾದದ್ದನ್ನು ಹೇಗೆ ಬರೆಯಲಿ. ಟೀಚರಮ್ಮನ ಮರಗಳಲ್ಲಿ, ಅಪ್ಪ ಕತ್ತರಿಸಿದ ಜಾಗದಿಂದಲೇ ಕಪ್ಪು ಕೆಳಗಿಳಿಯತೊಡಗಿತು. ಒಂದು ಕಡೆ ಕತ್ತರಿಸಿದ್ದರೆ ಆ ಒಂದು ಕಡೆ, ಹತ್ತಾರು ಕಡೆ ಕತ್ತರಿಸಿದ್ದರೆ ಅಷ್ಟೂ ಕಡೆ. ಅಪ್ಪ ಮತ್ತೆ ಕತ್ತರಿಸಿದರು, ಇನ್ನೂ ಕೆಳಗೆ. ಅಲ್ಲಿಂದಲೂ ಇಳಿಯಿತು. ಮೇಲಿನ ತೋಟದ ಮೀಸೆ ಮಾವ ಕಳೆದ ಎರಡು ವರ್ಷದಲ್ಲಿ ತಮ್ಮ ಇಳಿಜಾರಿನ ತುಂಬ ಎಳೆ ಗಿಡ ಹಾಕಿದ್ದರಲ್ಲ, ಒಂದು ಬೆಳಿಗ್ಗೆ ಪೆಟ್ಟಿಗೆ ಇಳಿಸಲು ಅಲ್ಲಿಗೆ ಹೋದೆ. ಮೇಲಿನ ರಸ್ತೆಯಿಂದ ನೋಡಿದೆ. ಇಳಿಜಾರಿನ ಮುಕ್ಕಾಲು ಭಾಗ ಸುಟ್ಟು ನಿಂತಿತ್ತು. ಕೆಳಗಿನ ಕಾಲು ಭಾಗ ಹಚ್ಚ ಹಸಿರು. ನಡುವೆ ಗೆರೆ ಎಳೆದ ಹಾಗೆ. ಆ ಗೆರೆ ಏನೆಂದು ನನಗೆ ತಕ್ಷಣ ಗೊತ್ತಾಯಿತು. ಅಪ್ಪ ಅಲ್ಲಿ ಕತ್ತರಿಸುತ್ತಿದ್ದ ದಿನ ಮಳೆ ಬಂದು, ಆ ಸಾಲಿನ ತನಕ ಮುಗಿಸಿ, ಉಳಿದದ್ದು ಆಮೇಲೆ ಎಂದು ವ್ಯಾನು ಹತ್ತಿದ್ದರು.

ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಹಿಂದೆ ಯಾರೋ ಹಾರ್ನ್ ಮಾಡಿದಾಗ ಮೈಮೇಲೆ ಎಚ್ಚರ ಬಂತು. ಅಪ್ಪ ಮುಟ್ಟಿದ್ದೆಲ್ಲ ಸಾಯುತ್ತಿದೆ, ಮುಟ್ಟದ್ದು ಬದುಕಿದೆ. ಈ ಮಾತು ತಲೆಯಲ್ಲಿ ಬಂತು, ನಾನು ಅದನ್ನು ಬಾಯಿಬಿಟ್ಟು ಅಂದೂಬಿಟ್ಟೆ, ಖಾಲಿ ವ್ಯಾನಿನಲ್ಲಿ.

ಇಲಾಖೆಯಿಂದ ತಪಾಸಣೆಯ ಮೇಡಂ ಬಂದರು. ಒಳ್ಳೆಯವರು, ಮಾತಿನಲ್ಲಿ ಗತ್ತಿಲ್ಲ. ರೆಂಬೆಗಳ ಚೂರನ್ನು ಚೀಲಗಳಲ್ಲಿ ಹಾಕಿಕೊಂಡು ಹೋಗಿ ಪರೀಕ್ಷೆ ಮಾಡಿಸಿ ಬಂದು, ಬೆಂಕಿ ರೋಗವೇ, ಅಪ್ಪ ಗುರುತಿಸಿದ್ದು ಸರಿ ಎಂದರು. ಮೊದಲು ಎಲ್ಲಿಂದ ಬಂತು ಎಂದು ಯಾರಿಗೂ ಹೇಳಲಾಗದಂತೆ. ಗಾಳಿ, ಹಕ್ಕಿ, ಹೊಸ ಸಸಿ, ಏನೂ ಇರಬಹುದು. ಆದರೆ ಇಷ್ಟು ಬೇಗ ಇಷ್ಟು ಕಾಂಡಗಳಿಗೆ ಇಳಿದದ್ದು ಮಾತ್ರ ಕತ್ತರಿಯಿಂದ ಎಂದು ನನ್ನ ಕಡೆ ನೋಡಿ ಮೆತ್ತಗೆ ಹೇಳಿದರು. ಒರೆಸಲು ಏನು ಬಳಸುತ್ತೀರಿ ಎಂದು ಕೇಳಿದರು. ನಾನು ಸ್ಪಿರಿಟ್ಟು ಎಂದೆ. ಅವರು ತಲೆದೂಗಿ, ಹಾಗಿದ್ದರೆ ಹೀಗಾಗಬಾರದಿತ್ತು ಎಂದರು. ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಮರುದಿನ ವ್ಯಾನಿನ ಗಾಜಿಗೆ ಮರದ ಅಂಟು ಹತ್ತಿತ್ತು. ಅಪ್ಪನ ಬಾಟಲಿ ಸೀಟಿನ ಮೇಲಿತ್ತು. ಸ್ಪಿರಿಟ್ಟಿಗೆ ಅಂಟು ಬಿಡುತ್ತದಲ್ಲ ಎಂದು ಸ್ವಲ್ಪ ಸುರಿದು ಉಜ್ಜಿದೆ. ಬಿಡಲಿಲ್ಲ. ಕೈ ತಣ್ಣಗಾಗಲಿಲ್ಲ. ಬಿಸಿಲಲ್ಲಿ ಕಾದ ಬಾನೆಟ್ಟಿನ ಮೇಲೆ ಬಿದ್ದ ಹನಿ ಸ್ಪಿರಿಟ್ಟಿನ ಹಾಗೆ ಕಣ್ಣು ಮಿಟುಕಿಸುವುದರೊಳಗೆ ಮಾಯವಾಗದೆ ಹಾಗೇ ಕೂತಿತ್ತು. ಮೂಸಿದೆ. ದೂರದಲ್ಲಿ ಎಲ್ಲೋ ಒಂದು ಚೂರು ಸ್ಪಿರಿಟ್ಟಿನ ನೆನಪು, ಅಷ್ಟೇ. ಅಂಗಡಿಯವನು ಮೋಸ ಮಾಡಿದ್ದಾನೆ ಅಂದುಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಮಾಧಾನವೇ ಆಯಿತು. ಬೈಯಲು ಒಬ್ಬ ಸಿಕ್ಕಿದನಲ್ಲ ಎಂದು ಮನೆಗೆ ಓಡಿಸಿಕೊಂಡು ಬಂದು ಹಿತ್ತಿಲ ಕೋಣೆಯಲ್ಲಿದ್ದ ಕ್ಯಾನಿನ ಮುಚ್ಚಳ ತೆಗೆದೆ. ಕಣ್ಣಲ್ಲಿ ನೀರು ಬರುವಷ್ಟು ಘಾಟು. ಅಪ್ಪಟ ಸ್ಪಿರಿಟ್ಟು. ಕ್ಯಾನು ಹೆಚ್ಚುಕಡಿಮೆ ತುಂಬಿಯೇ ಇತ್ತು.

ಬೆಳಿಗ್ಗೆ ಅಪ್ಪನ ಬಾಟಲಿ ತುಂಬಿಸಿ, ಚಹಾದ ಫ್ಲಾಸ್ಕಿನ ಜೊತೆ ಚೀಲದಲ್ಲಿಡುವವಳು ಅಮ್ಮ.

ಅಡುಗೆಮನೆಗೆ ಹೋದೆ. ಅಮ್ಮ ಸಿಂಕಿನಲ್ಲಿ ಫ್ಲಾಸ್ಕು ತೊಳೆಯುತ್ತಿದ್ದಳು. ಬಾಟಲಿಯನ್ನು ಅವಳ ಪಕ್ಕ ಇಟ್ಟು ಇದರಲ್ಲಿ ಏನಿದೆ ಎಂದು ಕೇಳಿದೆ. ಅವಳು ತಿರುಗಿಯೂ ನೋಡಲಿಲ್ಲ.

“ನೀರು. ಸ್ವಲ್ಪ ಸ್ಪಿರಿಟ್ಟು ಹಾಕಿರ್ತೀನಿ,” ಅಂದಳು.

“ಯಾವಾಗಿಂದ?”

“ನಿಮ್ಮಪ್ಪನ ಕೈ ವಾಸಿಯಾಗೋಕೆ ಶುರುವಾಯ್ತಲ್ಲ, ಆವಾಗಿಂದ. ಮುಲಾಮಿಂದ ಆಗಿದ್ದಲ್ಲ ಅದು. ಅವರಿಗೆ ಹೇಳ್ಬೇಡ.”

ದನಿಯಲ್ಲಿ ಒಂದಿಷ್ಟು ಗೆಲುವು ಕೂಡ ಇತ್ತು, ಹಟಮಾರಿಗೆ ಸರಿಯಾದ ಉಪಾಯ ಹುಡುಕಿದವಳ ಗೆಲುವು. ಅವಳಿಗೆ ಏನೇನೂ ಗೊತ್ತಿರಲಿಲ್ಲ ಅಕ್ಕ. ಚಳಿಗಾಲದಲ್ಲಿ ಅಪ್ಪ ಎಲ್ಲ ಮರಗಳ ರೆಂಬೆ ಸವರಿದ್ದು ಆ ನೀರಿನಲ್ಲಿ ಕತ್ತರಿ ಒರೆಸಿಕೊಂಡೇ, ಆಗ ಏನೂ ಆಗಿರಲಿಲ್ಲ. ಆಗ ರೋಗವೇ ಇರಲಿಲ್ಲವಲ್ಲ. ಏನೂ ಆಗದ್ದನ್ನು ನೋಡಿ, ಈ ಒರೆಸುವುದೆಲ್ಲ ಅಪ್ಪನ ಮಡಿ, ಅಷ್ಟೇ ಅಂದುಕೊಂಡುಬಿಟ್ಟಿದ್ದಳು. ಮರಗಳು ಸಾಯುತ್ತಿರುವುದಕ್ಕೂ ಈ ಬಾಟಲಿಗೂ ಸಂಬಂಧವಿದೆ ಎಂದು ಅವಳ ತಲೆಗೆ ಹೊಳೆದೇ ಇರಲಿಲ್ಲ.

ನಾನು ಹೇಳಿದೆ. ಮೀಸೆ ಮಾವನ ಇಳಿಜಾರಿನ ಗೆರೆಯ ಬಗ್ಗೆ ಹೇಳಿದೆ, ಮೇಡಂ ಹೇಳಿದ್ದನ್ನು ಹೇಳಿದೆ. ಹೇಳುವ ರೀತಿಯಲ್ಲಿ ಕರುಣೆ ಇರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಫ್ಲಾಸ್ಕು ತುಂಬಿ ಹೊರಗೆ ಹರಿಯುತ್ತಿದ್ದರೂ ಅವಳು ಹಿಡಿದುಕೊಂಡೇ ಇದ್ದಳು. ಕೊನೆಗೆ ಸ್ಟೂಲಿನ ಮೇಲೆ ಕೂತಳು. ಟೀಚರಮ್ಮನದೂ ಹೀಗೇ ಆಯಿತಾ ಎಂದು ಕೇಳಿದಳು. ಹೌದೆಂದೆ. ಆಮೇಲೆ ಇನ್ನೊಬ್ಬರ ಹೆಸರು, ಮತ್ತೊಬ್ಬರ ಹೆಸರು. ನಾನು ಹೌದು ಹೌದು ಅನ್ನುತ್ತ ಹೋದೆ. ಅಪ್ಪನಿಗೆ ತಾನೇ ಹೇಳುತ್ತೇನೆ, ನೀನು ಹೇಳಬೇಡ ಎಂದಳು.

ಆದರೆ ಅವಳು ಹೇಳಲಿಲ್ಲ. ಅಂದು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಬಾಟಲಿಗೆ ಮಾತ್ರ ಅಪ್ಪಟ ಸ್ಪಿರಿಟ್ಟು ತುಂಬಿಸಿಟ್ಟಳು. ಅದು ಕೈಗೆ ತಾಗಿದಾಗ ಅಪ್ಪ ಸ್ಸ್ ಎಂದು ಕೈ ಕೊಡವಿ, ಚರ್ಮ ಮತ್ತೆ ಸೂಕ್ಷ್ಮವಾಗಿದೆ ಎಂದರು. ನನ್ನ ಎದುರೇ. ನಾನು ಗೇರು ಬದಲಿಸಿದೆ.

ಇಷ್ಟರಲ್ಲಿ ಊರಿಗೆ ಬೇರೊಬ್ಬ ಅಪರಾಧಿ ಸಿಕ್ಕಿದ್ದ. ಹೂವಿನಿಂದ ಹೂವಿಗೆ ರೋಗ ಒಯ್ಯುವುದು ಜೇನುಹುಳ ಎಂದು ಇಲಾಖೆಯ ಕರಪತ್ರದಲ್ಲಿದೆ. ಅಷ್ಟು ಸಾಕಾಯಿತು. ಇವನು ಬಂದ, ರೋಗ ಬಂತು ಎಂದು ಲೆಕ್ಕ ಹೊಂದಿಸಿದರು. ಯಾರೋ ಜೇನುಪೆಟ್ಟಿಗೆಯೊಂದನ್ನು ಒದ್ದು ಉರುಳಿಸಿದರು. ಅವನ ಹೆಂಡತಿ ಅಂಗಡಿಗೆ ಬಂದರೆ ಜನ ಮಾತು ನಿಲ್ಲಿಸುತ್ತಿದ್ದರು. ಹೋದ ತಿಂಗಳ ಕೊನೆಯ ಭಾನುವಾರ ಎಲ್ಲರೂ ಇದೇ ಶೆಡ್ಡಿನಲ್ಲಿ ಸೇರಿದರು. ಬೆಲ್ಟು ನಿಲ್ಲಿಸಿ, ಪೆಟ್ಟಿಗೆಗಳ ಮೇಲೆ ಕೂತರು. ಜೇನಿನವನು ಬಾಗಿಲ ಹತ್ತಿರ ನಿಂತಿದ್ದ, ಕೂತುಕೋ ಅಂತ ಯಾರೂ ಹೇಳಲಿಲ್ಲ. ಅಮ್ಮ ಯಾವ ಸಭೆಗೂ ಬಂದವಳಲ್ಲ. ಅವತ್ತು ಸೀರೆ ಬದಲಿಸಿ ನಮ್ಮ ಜೊತೆ ಹೊರಟಾಗ ಅಪ್ಪನಿಗೆ ಆಶ್ಚರ್ಯವಾಯಿತು, ನನಗಾಗಲಿಲ್ಲ.

ಮೀಸೆ ಮಾವ ಎದ್ದು, ಪೆಟ್ಟಿಗೆಗಳನ್ನೆಲ್ಲ ಈ ವಾರದಲ್ಲೇ ತೆಗೆದುಕೊಂಡು ಹೋಗಬೇಕು, ಮತ್ತೆ ಈ ಕಡೆ ಬರಬಾರದು ಎಂದರು. ಈಗ ಹೊರಟರೆ ಮರಿಹುಳಗಳೆಲ್ಲ ಸಾಯುತ್ತವೆ, ಎಲ್ಲಿಗೆ ಅಂತ ಹೋಗಲಿ ಎಂದು ಅವನು ಕೇಳಿದ. ನಮ್ಮ ಗಿಡ ಸತ್ತಿಲ್ಲವಾ ಎಂದು ಹಿಂದಿನಿಂದ ಯಾರೋ ಅಂದರು. ಆಗ ಅಪ್ಪ ಎದ್ದರು. ಅವರು ಹೇಳಿದ್ದು ಅಕ್ಷರಶಃ ನೆನಪಿದೆ.

“ಜೇನುಹುಳ ಹೂವಿಗೆ ತಂದಿರಬಹುದು. ಕಾಂಡಕ್ಕೆ ತಂದಿದ್ದು ಕತ್ತರಿ. ಅದು ನನ್ನ ಕತ್ತರಿ. ಒರೆಸದೆ ಒಂದು ರೆಂಬೆನೂ ಮುಟ್ಟಿಲ್ಲ, ಆದ್ರೂ ಹೀಗಾಗಿದೆ ಅಂದ್ರೆ ನನ್ನ ಕಣ್ಣು ಹೋಗಿದೆ. ಕೆಂಪು ಎಲ್ಲಿಗೆ ಮುಗಿಯುತ್ತೆ ಅಂತ ನನಗೆ ಕಾಣ್ತಿಲ್ಲ. ಇನ್ನು ಮೇಲೆ ಯಾರೂ ನನ್ನ ಕರೀಬೇಡಿ.”

ಅಪ್ಪ ಕೂತುಕೊಳ್ಳುವ ಮುಂಚೆಯೇ ಅಮ್ಮ ಎದ್ದಿದ್ದಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

“ಅವರ ಕಣ್ಣು ಸರಿಯಾಗಿದೆ. ಬಾಟಲಿಯಲ್ಲಿ ಸ್ಪಿರಿಟ್ಟು ಇರಲಿಲ್ಲ, ನೀರಿತ್ತು. ತುಂಬಿಸ್ತಿದ್ದೋಳು ನಾನು. ಅವರಿಗೆ ಗೊತ್ತಿಲ್ಲ. ಕೈ ಬಿರಿದು ರಕ್ತ ಬರ್ತಿತ್ತು, ನನ್ನಿಂದ ನೋಡೋಕಾಗಲಿಲ್ಲ. ಈ ಜೇನಿನೋನ್ನ ಬಿಟ್ಟುಬಿಡಿ. ನಿಮ್ಮ ಮರ ಕೊಂದೋಳು ನಾನು.”

ನನಗೆ ಗೊತ್ತಿದ್ದ ಸಂಗತಿಯೇ. ಆದರೂ ಅಷ್ಟು ಜನರ ಎದುರು ಅವಳ ಸಣ್ಣ ದನಿಯಲ್ಲಿ ಅದನ್ನು ಕೇಳಿದಾಗ ಮೊದಲ ಸಲ ಕೇಳಿದ ಹಾಗಾಯಿತು. ಮೀಸೆ ಮಾವ ಕೈಯಲ್ಲಿದ್ದ ಟೊಪ್ಪಿಯನ್ನು ತಿರುಗಿಸುತ್ತಲೇ ಇದ್ದರು. ಟೀಚರಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಪ್ಪ ಅಮ್ಮನನ್ನು ನೋಡಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ಬಿಡಿಸಿ, ಯಾರದೋ ವಸ್ತು ಎನ್ನುವ ಹಾಗೆ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಟೀಚರಮ್ಮನ ಮರಕ್ಕೆ ಹೋದಾಗಲೂ ನೀರೇ ಇತ್ತಾ ಎಂದು ಒಂದೇ ಪ್ರಶ್ನೆ ಕೇಳಿದರು. ಅಮ್ಮ ಹೌದೆಂದು ತಲೆಯಾಡಿಸಿದಳು. ಅಪ್ಪ ಎದ್ದು ಬಾಗಿಲ ತನಕ ಹೋಗಿ, ಜೇನಿನವನಿಗೆ ಪೆಟ್ಟಿಗೆಗಳು ಇದ್ದಲ್ಲೇ ಇರಲಿ ಎಂದು ಹೇಳಿ, ನಡೆದೇ ಮನೆಗೆ ಹೋದರು.

ಮನೆಯಲ್ಲಿ ನಡೆದದ್ದು ಇಷ್ಟೇ. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಅಮ್ಮ ಹೋಗಿ ಎದುರು ನಿಂತಳು.

“ನನ್ನನ್ನ ಒಂದ್ ಮಾತು ಕೇಳಬಹುದಿತ್ತಲ್ಲ,” ಎಂದರು ಅಪ್ಪ.

“ಕೇಳಿದ್ರೆ ನೀವು ಬಿಡ್ತಿದ್ರಾ?”

ಅಪ್ಪ ಎದ್ದು ಹಿತ್ತಿಲಿಗೆ ಹೋದರು. ಆಮೇಲೆ ಅವರು ಅವಳ ಜೊತೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮರುದಿನ ಟೀಚರಮ್ಮ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಅಮ್ಮನನ್ನು ಕರೆಸಿದರು. ನನಗೆ ಕೋಪ ಬಂದಿದೆ, ಇನ್ನೂ ಎಷ್ಟು ದಿನ ಇರುತ್ತದೆಯೋ ಗೊತ್ತಿಲ್ಲ, ಅದು ಇಳಿಯುವ ತನಕ ನಾನು ಬರುವುದಿಲ್ಲ, ನೀವೂ ಬರಬೇಡಿ, ಇಳಿದ ಮೇಲೆ ನಾನೇ ಬರುತ್ತೇನೆ ಎಂದರು. ಗಣಿತದ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ಮೀಸೆ ಮಾವ ರಸ್ತೆಯಲ್ಲಿ ಸಿಕ್ಕರೆ ನನ್ನ ಜೊತೆ ಮಾತಾಡುತ್ತಾರೆ, ಮನೆಯ ಕಡೆ ನೋಡುವುದಿಲ್ಲ.

ಮೇಡಂ ಗುರುತು ಹಾಕಿದ ಮರಗಳನ್ನೆಲ್ಲ ಕಿತ್ತು ಸುಡಬೇಕೆಂದು ಆದೇಶವಾಯಿತು. ಅಪ್ಪ ಮೊಳೆಯಲ್ಲಿದ್ದ ಕೈಗವಸು ತೆಗೆದು ಹಾಕಿಕೊಂಡು ನಮ್ಮ ತೋಟದಿಂದಲೇ ಶುರು ಮಾಡಿದರು. ನಮ್ಮಲ್ಲಿ ಗುರುತಿಲ್ಲದ ಮರವೇ ಇರಲಿಲ್ಲ. ಒಂದೇ ಬುಡದಲ್ಲಿ ಮೂರು ಜಾತಿ ಕಸಿ ಮಾಡಿದ್ದರಲ್ಲ, ಒಂದು ಕಡೆ ಹಳದಿ, ಒಂದು ಕಡೆ ಕೆಂಪು, ಮೇಲೆ ಹುಳಿ ಹಸಿರು, ಅದನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ. ಗರಗಸದ ಸದ್ದು ನಿಂತ ಮೇಲೆ ಅಡ್ಡ ಬಿದ್ದ ಕಾಂಡದ ಮೇಲೆ ಸ್ವಲ್ಪ ಕೂತು, ಕತ್ತರಿಸಿದ ಮುಖವನ್ನು ಬೆರಳಿಂದ ಮುಟ್ಟಿ ನೋಡಿದರು. ನಡುವಿನ ತನಕ ಕೆಂಪು ಇಳಿದಿತ್ತು. ಸುಡುವಾಗ ಅಕ್ಕಪಕ್ಕದವರು ಬೇಲಿಯ ಹೊರಗೆ ನಿಂತಿದ್ದರು. ಜೇನಿನವನು ಒಬ್ಬನೇ ಬೇಲಿ ದಾಟಿ ಬಂದು ರೆಂಬೆ ಎಳೆಯಲು ಕೈಹಾಕಿದ. ಅಮ್ಮ ಹೊರಗೆ ಬರಲಿಲ್ಲ. ಕಿ‌ಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು, ಆಮೇಲೆ ಹೊಗೆ ಆ ಕಡೆ ತಿರುಗಿತು.

ಈಗ ಅಪ್ಪ ಬೆಳಿಗ್ಗೆ ಎದ್ದು ಬೇರೆಯವರ ತೋಟಕ್ಕೆ ಮರ ಕಡಿಯಲು ಹೋಗುತ್ತಾರೆ. ಯಾರೂ ಕರೆದಿಲ್ಲ, ಯಾರೂ ಬೇಡ ಅಂದಿಲ್ಲ. ರೋಗ ಮುಟ್ಟದ ಮರಗಳು ಅಲ್ಲಲ್ಲಿ ಉಳಿದಿವೆ, ಮೀಸೆ ಮಾವನ ಕೆಳಗಿನ ಸಾಲುಗಳೂ ಉಳಿದಿವೆ. ಅವುಗಳ ಚಿಗುರನ್ನು ದೂರದಿಂದ, ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾರೆ. ನಿನ್ನೆ ಮೀಸೆ ಮಾವನೇ ಹತ್ತಿರ ಹೋಗಿ ನೋಡಿ ಅಂದರಂತೆ. ಅಪ್ಪ ಹೋಗಲಿಲ್ಲ. ಮನೆಗೆ ಬಂದು ನನಗೆ ಹೇಳಿದರು, ಅಷ್ಟೇ.

ಶೆಡ್ಡಿನಲ್ಲಿ ಈ ವರ್ಷ ಕೆಲಸ ಇರುವುದಿಲ್ಲ. ನನ್ನ ವ್ಯಾನಿನ ಕೆಲಸವೂ ಹೋಗಬಹುದು. ಅದರ ಚಿಂತೆ ಇನ್ನೂ ಶುರುವಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದು ಕ್ಷಣ ಎಲ್ಲ ಮೊದಲಿನ ಹಾಗೇ ಇದೆ ಅನ್ನಿಸುತ್ತದೆ, ಆಮೇಲೆ ಕಿಟಕಿ ನೆನಪಾಗುತ್ತದೆ. ಅಮ್ಮನ ಮೇಲೆ ಕೋಪ ಬರುತ್ತದೆ. ಅಪ್ಪನ ಹಟದ ಮೇಲೆ ಅದಕ್ಕಿಂತ ಹೆಚ್ಚು ಬರುತ್ತದೆ. ಎರಡೂ ಬಂದು, ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ವ್ಯಾನು ತೊಳೆಯುತ್ತೇನೆ. ವ್ಯಾನು ಇಷ್ಟು ಸ್ವಚ್ಛವಾಗಿ ಯಾವತ್ತೂ ಇರಲಿಲ್ಲ.

ಇಷ್ಟು ಬರೆದಾಗ ಮನಸ್ಸು ಸ್ವಲ್ಪ ಹಗುರವಾಯಿತು.

ಇಂತು ನಿನ್ನ ಹಿಂದೆಯೇ ಅಲೆದು ಬೆಳೆದ,
ಬಾಲಂಗೋಚಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮರ ಸುಟ್ಟ ಮರುದಿನ ಬೆಳಿಗ್ಗೆ ಅಮ್ಮ ದಾರದ ಉಂಡೆ ತರುತ್ತೇನೆ ಎಂದು ಹೋದವಳು ತಿರುಗಿ ಬಂದಿಲ್ಲ. ಇಡೀ ದಿನ ಹುಡುಕಿದೆವು. ಅಪ್ಪ ಕಾಲುವೆಯ ದಂಡೆಯುದ್ದಕ್ಕೂ ನಡೆದರು, ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸಂಜೆ ಬಸ್ಸಿನ ಕಂಡಕ್ಟರು ಸಿಕ್ಕಿ, ನಿಮ್ಮ ತಾಯಿ ನಿಮ್ಮಕ್ಕನ ಬೀದಿಯಲ್ಲಿ ಇಳಿದರು ಎಂದ ಮೇಲೆ ಇಬ್ಬರೂ ರಸ್ತೆಯಲ್ಲೇ ಕೂತುಬಿಟ್ಟೆವು. ಅವಳು ನಿನ್ನ ಹತ್ತಿರ ಇದ್ದಾಳೆ. ಯಾರಿಗೂ ಹೇಳಬೇಡ ಅಂದಿರುತ್ತಾಳೆ, ನೀನು ಮಾತು ಉಳಿಸಿಕೊಂಡಿದ್ದೀಯ, ಅದಕ್ಕೆ ನಾನು ಫೋನು ಮಾಡಿ ನಿನ್ನಿಂದ ಸುಳ್ಳು ಹೇಳಿಸಲಿಲ್ಲ. ಅವಳು ನಿನಗೆ ತಾನು ಮಾಡಿದ್ದನ್ನು ಮಾತ್ರ ಹೇಳಿರುತ್ತಾಳೆ. ಶೆಡ್ಡಿನಲ್ಲಿ ಎದ್ದು ನಿಂತದ್ದನ್ನು ಹೇಳಿರುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆದೆ. ಅವಳಿಗೂ ಓದಿ ಹೇಳು.

ಅಪ್ಪ ನಿನ್ನೆ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಅಂದದ್ದು ಇದು, ಒಂದಕ್ಷರ ಕೂಡ ಸೇರಿಸಿಲ್ಲ: “ಅವಳು ಹೇಳದಿದ್ರೆ ಆ ಜೇನಿನ ಹುಡುಗನ ಸಂಸಾರ ಬೀದಿಗೆ ಬರ್ತಿತ್ತು. ನಾನು ಸಾಯೋ ತನಕ ನನ್ನ ಕಣ್ಣನ್ನ ಬೈಕೊಂಡಿರ್ತಿದ್ದೆ. ಕೋಪ ಇದೆ, ಇಲ್ಲ ಅನ್ನಲ್ಲ. ಆದ್ರೆ ಎದುರಿಗೆ ಕೂತ್ಕೊಂಡ್ರೆ ತಾನೆ ಕೋಪ ಮಾಡ್ಕೊಳ್ಳೋದು?”

ಶನಿವಾರ ಬೆಳಗಿನ ಬಸ್ಸಿಗೆ ಅಪ್ಪ ಬರುತ್ತಿದ್ದಾರೆ. ಅವರು ಬಾಗಿಲು ತಟ್ಟಿದಾಗ, ಅಕ್ಕ, ತೆಗೆಯಲು ನೀನು ಏಳಬೇಡ.